ಪರಮಪ್ರಸಾದ ಬರಿಯ ಪ್ರಸಾದವೇ?

ಕಥೋಲಿಕ ಕ್ರೈಸ್ತರು ಬಲಿಪೂಜೆಯಲ್ಲಿ ಸ್ವೀಕರಿಸುವ ರೊಟ್ಟಿಗೆ ಕನ್ನಡದಲ್ಲಿ ‘ಪರಮಪ್ರಸಾದ’ ಎಂದು ಹೆಸರು. ಕೇಳಲು ಇಂಪಾದ, ನಾಡಿನ ಜನರಿಗೆ ಹತ್ತಿರವಾದ ಪದ. ಆದರೆ ಒಂದು ಧರ್ಮದ ತಿರುಳನ್ನು ಇನ್ನೊಂದು ಪರಂಪರೆಯ ಪದದಲ್ಲಿ ಹೇಳಿದಾಗ ಯಾವುದು ಉಳಿಯಿತು, ಯಾವುದು ಮರೆಯಾಯಿತು ಎಂದು ಕೇಳಲೇಬೇಕಾಗುತ್ತದೆ. ಈ ಪ್ರಶ್ನೆಗೆ ಚಿತ್ರದುರ್ಗ ಜಿಲ್ಲೆ ತಕ್ಕ ನೆಲ.

ನಗರದ ಮುರುಘಾ ಮಠ, ಅದೇ ತಾಲ್ಲೂಕಿನ ಸಿರಿಗೆರೆ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ- ಈ ಮಠಗಳ ಸುತ್ತ ಶರಣರ ಪರಿಭಾಷೆ ಇಂದಿಗೂ ಬಳಕೆಯಲ್ಲಿದೆ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿ ಸ್ಥಲ. ದೇವರಿಗೆ ಅರ್ಪಿಸಿ, ಆತನ ಕೃಪೆಯೆಂದು ಮರಳಿ ಪಡೆದದ್ದು ಪ್ರಸಾದ. ಜನರ ಸಾಮಾನ್ಯ ತಿಳಿವಳಿಕೆಯಲ್ಲಿ ಅನುಗ್ರಹಿಸುವವನು ದೇವರು, ಕೈಗೆ ಬರುವುದು ಅನ್ನ. ಕಥೋಲಿಕ ನಂಬಿಕೆ ಬೇರೆಯಾಗುವುದು ಇಲ್ಲೇ. ಅವರ ಪ್ರಕಾರ ಪರಮಪ್ರಸಾದದಲ್ಲಿ ಕ್ರಿಸ್ತನು ಕೊಡುವುದು ತನ್ನನ್ನೇ.

ಕಡೆಯ ಭೋಜನದಲ್ಲಿ ಯೇಸು ರೊಟ್ಟಿಯನ್ನು ತನ್ನ ಶರೀರವೆಂದೂ ದ್ರಾಕ್ಷಾರಸವನ್ನು ತನ್ನ ರಕ್ತವೆಂದೂ ಹೇಳಿದ ಮಾತನ್ನು ಕಥೋಲಿಕ ಧರ್ಮಸಭೆ ಬರಿಯ ಉಪಮೆಯೆಂದು ಓದುವುದಿಲ್ಲ. 1215ರ ಲ್ಯಾಟರನ್ ಮಹಾಸಭೆ, ಬಳಿಕ 1551ರಲ್ಲಿ ಟ್ರೆಂಟ್ ಮಹಾಸಭೆ ಇದನ್ನು ಸಿದ್ಧಾಂತವಾಗಿ ಸ್ಪಷ್ಟಪಡಿಸಿದವು: ಬಣ್ಣ, ರುಚಿ, ಆಕಾರ ರೊಟ್ಟಿಯದೇ ಆಗಿ ಉಳಿದರೂ ಅದರ ಒಳಸತ್ವ ಕ್ರಿಸ್ತನದಾಗುತ್ತದೆ. ಆದ್ದರಿಂದಲೇ ಉಳಿದ ಪರಮಪ್ರಸಾದವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆ, ಅದರ ಬಳಿ ದೀಪ ಉರಿಸುತ್ತಾರೆ, ಅದರ ಮುಂದೆ ಮಂಡಿಯೂರುತ್ತಾರೆ. ಪ್ರೊಟೆಸ್ಟೆಂಟರಲ್ಲಿ ಈ ಬಗ್ಗೆ ಏಕಾಭಿಪ್ರಾಯವಿಲ್ಲ. ಲೂಥರ್ ಕ್ರಿಸ್ತನ ಇರವನ್ನು ಒಪ್ಪಿದರೆ, ಜ್ವಿಂಗ್ಲಿಗೆ ಅದು ಸ್ಮರಣೆಯ ಭೋಜನ ಮಾತ್ರ.

ಇಷ್ಟೆಲ್ಲ ಅರ್ಥವನ್ನು ‘ಪ್ರಸಾದ’ ಎಂಬ ಪದ ಹೊರಬಲ್ಲುದೇ? ಈ ಜಿಲ್ಲೆಯವರಿಗೆ ವಿವರಿಸಲು ಇದಕ್ಕಿಂತ ಇಷ್ಟಲಿಂಗದ ಹೋಲಿಕೆಯೇ ಹೆಚ್ಚು ಹತ್ತಿರವಾದೀತು. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ವಸ್ತುವಿನಲ್ಲಿ ನಿರಾಕಾರನನ್ನು ಕಾಣುವ ಭಕ್ತನಿಗೆ, ತೆಳ್ಳಗಿನ ರೊಟ್ಟಿಯ ಮುಂದೆ ಮಂಡಿಯೂರುವವನ ಭಾವ ತೀರಾ ಅಪರಿಚಿತವಾಗದು. ಆದರೂ ಎರಡೂ ಒಂದೇ ಅಲ್ಲ. ಲಿಂಗ ಒಬ್ಬೊಬ್ಬರ ಮೈಮೇಲಿರುವುದು. ಪರಮಪ್ರಸಾದ ಎಲ್ಲರೂ ಸೇರಿ ಉಣ್ಣುವುದು.

ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದೇಶಭಾಷೆಗಳಿಗೆ ದಾರಿ ತೆರೆದ ಮೇಲೆ ಲ್ಯಾಟಿನ್ ಬಲಿಪೂಜೆ ಕನ್ನಡಕ್ಕೆ ಬಂತು. ಚಿತ್ರದುರ್ಗ ಜಿಲ್ಲೆ 1988ರಲ್ಲಿ ರಚನೆಯಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿತು. ಭಾಷೆ ನಮ್ಮದಾಯಿತು, ಧಾನ್ಯ ಆಗಲಿಲ್ಲ. ಧರ್ಮಸಭೆಯ ಕಾನೂನಿನಂತೆ ರೊಟ್ಟಿ ಗೋಧಿಯದೇ ಆಗಿರಬೇಕು. ಮುದ್ದೆ ಉಣ್ಣುವ ಹಿರಿಯೂರು, ಹೊಳಲ್ಕೆರೆಗಳ ರಾಗಿಗೆ ಆ ಪೀಠದಲ್ಲಿ ಜಾಗವಿಲ್ಲ. ಸ್ಥಳೀಯತೆಯ ಬಗ್ಗೆ ಮಾತನಾಡುವ ಚರ್ಚು ಈ ವಿರೋಧಾಭಾಸಕ್ಕೆ ಉತ್ತರಿಸಬೇಕು.

ಇನ್ನೂ ದೊಡ್ಡ ತೊಡಕೊಂದಿದೆ. ಮಠದ ದಾಸೋಹದಲ್ಲಿ, ದೇವಸ್ಥಾನದಲ್ಲಿ ಪ್ರಸಾದಕ್ಕೆ ಕೈಯೊಡ್ಡಿ ಬೆಳೆದವರು ಚರ್ಚಿನ ಮದುವೆಗೆ ಹೋದಾಗ ಸಾಲಿನಲ್ಲಿ ನಿಂತರೂ ಪರಮಪ್ರಸಾದ ಸಿಗುವುದಿಲ್ಲ. ‘ಪ್ರಸಾದ’ ಎಂದು ಕರೆದು ನಿರಾಕರಿಸಿದರೆ ಪಂಕ್ತಿಭೇದದ ನೋವುಂಡ ಸಮಾಜಕ್ಕೆ ಅದು ಅವಮಾನವಾಗಿಯೇ ಕಾಣುತ್ತದೆ. ನಿಜವಾದ ಕಾರಣ ಜಾತಿಯಲ್ಲ. ಅದನ್ನು ಸ್ವೀಕರಿಸುವುದೆಂದರೆ ಆ ನಂಬಿಕೆಗೆ ಒಪ್ಪಿಗೆ ಸೂಚಿಸಿದಂತೆ. ಗಂಭೀರ ಪಾಪ ಮಾಡಿದ ಕಥೋಲಿಕನೂ ಮೊದಲು ಪಾಪನಿವೇದನೆ ಮಾಡಿಕೊಳ್ಳಬೇಕು. ಈ ಕಾರಣವನ್ನು ಅತಿಥಿಗಳಿಗೆ ತಿಳಿಸಿ ಹೇಳುವ ಹೊಣೆ ಪದವನ್ನು ಬಳಸುವವರದೇ.

2021ರ ಸೆಪ್ಟೆಂಬರ್‌ನಲ್ಲಿ ಹೊಸದುರ್ಗದ ಅಂದಿನ ಶಾಸಕ ಗೂಳಿಹಟ್ಟಿ ಶೇಖರ್ ತಮ್ಮ ತಾಯಿಯ ಮತಾಂತರದ ವಿಷಯವನ್ನು ವಿಧಾನಸಭೆಯಲ್ಲಿ ಎತ್ತಿದರು. ಅದೇ ವರ್ಷ ತಾಲ್ಲೂಕು ಆಡಳಿತದ ವರದಿ ಬಲವಂತದ ಮತಾಂತರ ಕಂಡುಬಂದಿಲ್ಲವೆಂದಿತು. 2022ರಲ್ಲಿ ಮತಾಂತರದ ಕಾಯ್ದೆಯೂ ಬಂತು. ಇಂಥ ಚರ್ಚೆಗಳಲ್ಲಿ ಕಥೋಲಿಕರು, ಪ್ರೊಟೆಸ್ಟೆಂಟರು, ಪೆಂಟೆಕೋಸ್ಟಲ್ ಪಂಗಡದವರು ಎಲ್ಲರೂ ಒಂದೇ ಆಗಿಬಿಡುತ್ತಾರೆ. ಚರ್ಚಿನಲ್ಲಿ ಕೊಡುವುದೆಲ್ಲವೂ ಆಮಿಷವೆಂಬ ಗುಮಾನಿ ಹುಟ್ಟುತ್ತದೆ. ಸ್ನಾನದೀಕ್ಷೆ ಪಡೆಯದವನಿಗೆ, ಅವನು ಕೇಳಿದರೂ, ಕೊಡದಿರುವಂಥದ್ದು ಆಮಿಷವಾಗುವುದು ಹೇಗೆ?

ಮುಸ್ಲಿಮರಿಗೆ ಈಸಾ ಗೌರವಾನ್ವಿತ ಪ್ರವಾದಿ, ದೇವರಲ್ಲ. ಹಾಗಾಗಿ ಈ ನಂಬಿಕೆಯನ್ನು ಅವರು ಒಪ್ಪಲಾರರು. ಆದರೆ ಕುರ್‌ಆನಿನ ಐದನೆಯ ಅಧ್ಯಾಯಕ್ಕೆ ‘ಅಲ್ ಮಾಇದಃ’ ಎಂಬ ಹೆಸರು ಬಂದಿರುವುದೇ ಈಸಾರ ಶಿಷ್ಯರು ಆಕಾಶದಿಂದ ಬಯಸಿದ ಭೋಜನದ ತಟ್ಟೆಯ ಪ್ರಸಂಗದಿಂದ. ಒಪ್ಪದಿರುವ ಹಕ್ಕು ಎಲ್ಲರಿಗೂ ಇದೆ. ಏನನ್ನು ಒಪ್ಪುತ್ತಿಲ್ಲವೆಂಬುದನ್ನು ಮೊದಲು ಸರಿಯಾಗಿ ತಿಳಿದುಕೊಳ್ಳುವುದು ನೆರೆಹೊರೆಯ ಧರ್ಮ. ‘ಪರಮಪ್ರಸಾದ’ ಎಂಬ ಸುಂದರ ಪದವನ್ನು ಬಿಡಬೇಕಾಗಿಲ್ಲ. ‘ಪ್ರಸಾದ’ದ ಹಿಂದಿರುವ ‘ಪರಮ’ ಎಂಬ ಅರ್ಧಕ್ಕೂ ಕನ್ನಡದಲ್ಲಿ ವಿವರಣೆ ಸಿಗಬೇಕು.