ಬಿ. ಆರ್. ಪಂತುಲು ಅವರ ಐತಿಹಾಸಿಕ ಚಿತ್ರಗಳು: ಒಂದು ವಿವೇಚನೆ

ಚರಿತ್ರೆಯನ್ನು ಆಧರಿಸಿದ ಕೃತಿಯ ಬೆಲೆ ಕಟ್ಟಲು ಹೊರಟಾಗ ಎರಡು ಪ್ರಶ್ನೆಗಳು ಏಳುತ್ತವೆ. ಘಟನೆಗಳು ನಡೆದಂತೆಯೇ ನಿರೂಪಿತವಾಗಿವೆಯೆ ಎಂಬುದು ಮೊದಲನೆಯದು. ಆ ಘಟನೆಗಳಲ್ಲಿ ಬೆಂದು ಬಾಳಿದ ವ್ಯಕ್ತಿಯ ಅಂತರಂಗ ನಮಗೆ ಗೋಚರವಾಗುತ್ತದೆಯೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ಇತಿಹಾಸಕಾರನು ಉತ್ತರ ಹೇಳಬಲ್ಲನು. ಎರಡನೆಯದಕ್ಕೆ ಕಲಾವಿದನೇ ಉತ್ತರ ಕೊಡಬೇಕು. ಕನ್ನಡ ಮತ್ತು ತಮಿಳು ಎರಡೂ ಭಾಷೆಗಳಲ್ಲಿ ಚಾರಿತ್ರಿಕ ಚಿತ್ರಗಳನ್ನು ನಿರ್ಮಿಸಿ ನಿರ್ದೇಶಿಸಿದ ಬಿ. ಆರ್. ಪಂತುಲು (1910–1974) ಅವರ ಕೃತಿಗಳನ್ನು ಈ ಎರಡನೆಯ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತವೆಂದು ತೋರುತ್ತದೆ.

ಪಂತುಲು ಅವರು ವೃತ್ತಿರಂಗಭೂಮಿಯಿಂದ ಬಂದವರು. 1936ರ ‘ಸಂಸಾರ ನೌಕೆ’ ಚಿತ್ರದ ನಾಯಕನಟರು. ಕಂಪನಿ ನಾಟಕದಲ್ಲಿ ಮಾತು ಕಥೆಯನ್ನು ಮುಂದೊಯ್ಯುತ್ತದೆ; ಹಾಡು ಕಥೆಯನ್ನು ಕ್ಷಣಕಾಲ ನಿಲ್ಲಿಸಿ ಪಾತ್ರದ ಹೃದಯವನ್ನು ತೆರೆಯುತ್ತದೆ. ಈ ಸಂಸ್ಕಾರವನ್ನು ಅವರು ತಮ್ಮ ಪದ್ಮಿನಿ ಪಿಕ್ಚರ್ಸ್ ಸಂಸ್ಥೆಯ ಚಿತ್ರಗಳಿಗೂ ತಂದರು. ಅವರ ಉತ್ತಮ ಚಿತ್ರಗಳನ್ನು ಒಟ್ಟಿಗೆ ಇರಿಸಿ ನೋಡಿದಾಗ ಇನ್ನೊಂದು ಸಂಗತಿ ಹೊಳೆಯುತ್ತದೆ. ಅವುಗಳ ನಾಯಕ-ನಾಯಿಕೆಯರೆಲ್ಲ ಲೋಕದ ಲೆಕ್ಕದಲ್ಲಿ ಸೋತವರು. ಕಟ್ಟಬೊಮ್ಮನು 1799ರಲ್ಲಿ ಗಲ್ಲಿಗೇರಿದನು. ಚೆನ್ನಮ್ಮ ಸೆರೆಯಲ್ಲಿ ಮಡಿದಳು. ಚಿದಂಬರಂ ಪಿಳ್ಳೆಯವರ ಹಡಗು ಕಂಪನಿ ಮುಳುಗಿತು. ಕರ್ಣನು ರಣದಲ್ಲಿ ಬಿದ್ದನು. ಹೊರಗಿನದೆಲ್ಲ ಕಳೆದುಹೋದ ಮೇಲೆ ಉಳಿಯುವುದೇನು ಎಂಬುದೇ ಈ ಚಿತ್ರಗಳ ಮೂಲಪ್ರಶ್ನೆ. ಉಳಿದುದನ್ನು ಹೇಳುವ ಹೊಣೆಯನ್ನು ಪಂತುಲು ಅವರು ಬಹುಮಟ್ಟಿಗೆ ಗೀತೆಗೆ ಒಪ್ಪಿಸಿದ್ದಾರೆ.

1959ರ ‘ವೀರಪಾಂಡಿಯ ಕಟ್ಟಬೊಮ್ಮನ್’ ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಇದರ ಅಭಿನಯಕ್ಕಾಗಿ ಶಿವಾಜಿ ಗಣೇಶನ್ ಅವರಿಗೆ 1960ರಲ್ಲಿ ಕೈರೋ ನಗರದ ಆಫ್ರೋ-ಏಷ್ಯನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂದಿತು. ಆದರೆ ಇದು ಮಾತಿನ ಚಿತ್ರ. ಕಪ್ಪ ಕೇಳುವ ಜಾಕ್ಸನ್ ದೊರೆಯೆದುರು ಕಟ್ಟಬೊಮ್ಮನು ಗುಡುಗುವ ಸನ್ನಿವೇಶ ಸಭೆಯನ್ನು ಎಬ್ಬಿಸಿ ನಿಲ್ಲಿಸುತ್ತದೆ. ವೀರನ ಏಕಾಂತವನ್ನು ಮಾತ್ರ ಅಷ್ಟಾಗಿ ತೋರದು. 1961ರ ‘ಕಪ್ಪಲೋಟ್ಟಿಯ ತಮಿಳನ್’ ಇದಕ್ಕಿಂತ ಗಂಭೀರವಾದ ಕೃತಿ. 1906ರಲ್ಲಿ ಸ್ವದೇಶಿ ಹಡಗು ಕಂಪನಿಯನ್ನು ಕಟ್ಟಿ, ಸೆರೆಮನೆಯಲ್ಲಿ ಎತ್ತಿನಂತೆ ಗಾಣವೆಳೆದ ವ. ಉ. ಚಿದಂಬರಂ ಪಿಳ್ಳೆಯವರ ಜೀವನಚಿತ್ರವಿದು. ಇಲ್ಲಿನ ಗೀತೆಗಳು ಪಿಳ್ಳೆಯವರ ಗೆಳೆಯರೇ ಆದ ಸುಬ್ರಹ್ಮಣ್ಯ ಭಾರತಿಯವರ ರಚನೆಗಳು. ಆ ಕಾಲದ ಬೆಂಕಿಯಲ್ಲೇ ಹುಟ್ಟಿದ ಕಾವ್ಯ ಆ ಕಾಲದ ಕಥೆಗೆ ದನಿಯಾಗಿರುವುದರಿಂದ ಹಾಡು ಇಲ್ಲಿ ಚರಿತ್ರೆಯ ಸಾಕ್ಷಿಯೇ ಆಗಿದೆ. ತೆರೆಕಂಡಾಗ ಈ ಚಿತ್ರ ಹಣ ತರಲಿಲ್ಲವೆಂಬುದು ಅದರ ಯೋಗ್ಯತೆಗೆ ಕುಂದಲ್ಲ.

ಅದೇ 1961ರಲ್ಲಿ ಕನ್ನಡಕ್ಕೆ ಬಂದುದು ‘ಕಿತ್ತೂರು ಚೆನ್ನಮ್ಮ’. ನಮ್ಮ ಓದುಗರಿಗೆ ಹೆಚ್ಚು ಸಮೀಪವಾದ ಈ ಚಿತ್ರದ ಬಳಿ ತುಸು ನಿಲ್ಲಬೇಕು. ಬಿ. ಸರೋಜಾದೇವಿ ಚೆನ್ನಮ್ಮನಾಗಿ, ರಾಜಕುಮಾರ್ ಮಲ್ಲಸರ್ಜನಾಗಿ ಅಭಿನಯಿಸಿದ್ದಾರೆ, ಸಂಗೀತ ಟಿ. ಜಿ. ಲಿಂಗಪ್ಪನವರದು. 1824ರ ಅಕ್ಟೋಬರಿನಲ್ಲಿ ಥ್ಯಾಕರೆಯನ್ನು ಕೆಡವಿದ ಗೆಲುವು, ಡಿಸೆಂಬರಿನ ಸೋಲು, ಬೈಲಹೊಂಗಲದ ಸೆರೆ, 1829ರ ಸಾವು, ಇವಿಷ್ಟು ಚರಿತ್ರೆಯ ಎಲುಬುಗಳು. ಅರಮನೆಯ ದಾಂಪತ್ಯಕ್ಕೆ ಚಿತ್ರ ಕೊಟ್ಟಿರುವ ಎಡೆ ಹೆಚ್ಚಾಯಿತೆಂದು ಇತಿಹಾಸದ ವಿದ್ಯಾರ್ಥಿ ಆಕ್ಷೇಪಿಸಿದರೆ ಅದನ್ನು ಅಲ್ಲಗಳೆಯಲಾಗದು. ಆದರೆ ಪಿ. ಸುಶೀಲಾ ಅವರ ಕಂಠದಲ್ಲಿ ಅಕ್ಕಮಹಾದೇವಿಯ ವಚನವೊಂದನ್ನು ಈ ಕಥೆಯೊಳಗೆ ಇರಿಸಿರುವುದು ನಿರ್ದೇಶಕರ ಸೂಕ್ಷ್ಮ ದೃಷ್ಟಿಗೆ ನಿದರ್ಶನ.

ತನ್ನೊಳಗು ಕರಗದವರು ಎರೆದ ನೀರನ್ನೂ ಇಟ್ಟ ಹೂವನ್ನೂ ದೇವನು ಒಲ್ಲನೆಂಬುದು ಆ ವಚನದ ಭಾವ. ಮೇಲುನೋಟಕ್ಕೆ ಇದು ಇಲ್ಲಿ ಸಲ್ಲದು. ಅಕ್ಕನು ಕೌಶಿಕನ ಅರಮನೆಯನ್ನು ತೊರೆದು ನಡೆದವಳು. ಚೆನ್ನಮ್ಮನಾದರೋ ಅರಮನೆಗಾಗಿ ಕತ್ತಿ ಹಿಡಿದವಳು. ತ್ಯಾಗಿಯ ನುಡಿ ರಾಣಿಯ ಕಥೆಗೆ ಹೇಗೆ ಒಗ್ಗೀತು ಎಂದು ವಚನಾಭ್ಯಾಸಿಗಳು ಕೇಳಬಹುದು. ಉತ್ತರ ಆ ವಚನದಲ್ಲಿಯೇ ಇದೆ. ಕೊಡುವ ವಸ್ತು ಮುಖ್ಯವಲ್ಲ, ಕೊಡುವವರ ಒಳಗು ಮುಖ್ಯ ಎಂಬುದು ಅದರ ತಿರುಳು. ಆ ಅಳತೆಗೋಲನ್ನು ಹಿಡಿದರೆ ಚೆನ್ನಮ್ಮನ ಹೋರಾಟ ಕೇವಲ ಗದ್ದುಗೆಯ ಹೋರಾಟವಾಗಿ ಉಳಿಯುವುದಿಲ್ಲ. ತನ್ನನ್ನೇ ಒಪ್ಪಿಸಿಕೊಂಡ ಅರ್ಪಣೆಯಾಗುತ್ತದೆ. ಸೋಲು ಅಂಥ ಅರ್ಪಣೆಯನ್ನು ಕೆಡಿಸಲಾರದು.

ವಚನವನ್ನು ಚಿತ್ರಗೀತೆಯಾಗಿ ಹಾಡಬಹುದೆ ಎಂಬ ಶಂಕೆಯೂ ಉಂಟು. ವಚನವು ಒಂದೊಂದೇ ಮೆಟ್ಟಿಲೇರಿ ಅಂಕಿತದಲ್ಲಿ ನಿಲ್ಲುವ ರಚನೆ. ಪಲ್ಲವಿಯ ಮೋಹಕ್ಕೆ ಬಿದ್ದರೆ ಆ ನಡೆ ಮುರಿಯುತ್ತದೆ. ಮಲ್ಲಿಕಾರ್ಜುನ ಮನಸೂರ, ಸಿದ್ಧರಾಮ ಜಂಬಲದಿನ್ನಿ ಮೊದಲಾದವರು ವಚನಕ್ಕೆ ರಾಗದ ಗಾಂಭೀರ್ಯವನ್ನು ತಂದುಕೊಟ್ಟರು. ಲಿಂಗಪ್ಪನವರ ಸಂಯೋಜನೆ ಆ ವಿಸ್ತಾರದ್ದಲ್ಲವಾದರೂ ನುಡಿಯನ್ನು ಮುಚ್ಚುವ ವಾದ್ಯಾಡಂಬರ ಅದರಲ್ಲಿಲ್ಲ. ಪುಸ್ತಕ ಹಿಡಿಯದ ಅನೇಕರ ನಾಲಗೆಗೆ ಅಕ್ಕನ ಮಾತನ್ನು ತಲುಪಿಸಿದ ಉಪಕಾರವೂ ಅದಕ್ಕೆ ಸಲ್ಲಬೇಕು.

1964ರ ‘ಕರ್ಣನ್’ ಪುರಾಣದ ವಸ್ತುವಾದರೂ ಇದೇ ಸಾಲಿಗೆ ಸೇರುತ್ತದೆ. ಪಂಪ, ಕುಮಾರವ್ಯಾಸರ ಕರ್ಣನನ್ನು ಬಲ್ಲ ಕನ್ನಡಿಗರಿಗೆ ಅವನ ಅಂತ್ಯ ಹೊಸದಲ್ಲ. ಆದರೂ ಬಾಣಗಳಿಂದ ಜರ್ಝರಿತನಾಗಿ ಒರಗಿದ ದಾನಿಯ ಸನ್ನಿವೇಶದಲ್ಲಿ ಶೀರ್ಕಾಳಿ ಗೋವಿಂದರಾಜನ್ ಅವರ ಕಂಠ ಏರಿದಾಗ, ಯುದ್ಧದ ಗದ್ದಲವೆಲ್ಲ ಹಿಂದೆ ಸರಿದು ಒಂದು ಜೀವದ ಔದಾರ್ಯ ಮಾತ್ರ ಎದುರು ನಿಲ್ಲುತ್ತದೆ. 2012ರಲ್ಲಿ ಪುನರುಜ್ಜೀವನಗೊಂಡು ಮತ್ತೆ ತೆರೆಗೆ ಬಂದಾಗಲೂ ಜನ ಈ ಚಿತ್ರಕ್ಕೆ ಮುಗಿಬಿದ್ದರು.

ಇವುಗಳ ಜೊತೆಗೆ 1970ರ ‘ಶ್ರೀ ಕೃಷ್ಣದೇವರಾಯ’ವನ್ನು ಇಟ್ಟು ನೋಡಿದರೆ ನಮ್ಮ ಮಾತು ಸ್ಪಷ್ಟವಾದೀತು. ವರ್ಣವೈಭವ, ರಾಜಕುಮಾರ್ ಅವರ ಗತ್ತು, ಇಂಪಾದ ಹಾಡು, ಎಲ್ಲವೂ ಇಲ್ಲಿವೆ. ಆದರೆ ನಾಯಕನು ಗೆದ್ದವನು. ಗೆದ್ದವನ ಆಸ್ಥಾನದಲ್ಲಿ ಹಾಡು ಬಹುಪಾಲು ಅಲಂಕಾರವಾಗಿ ಬರುತ್ತದೆ. ಚಿತ್ರದ ಅಂತರಂಗವನ್ನು ಹೊತ್ತವನು ಅರಸನಲ್ಲ, ಅವನಿಗಾಗಿ ತಲ್ಲಣಿಸುವ ಮಂತ್ರಿ ತಿಮ್ಮರಸು. ಆ ಪಾತ್ರವನ್ನು ಸ್ವತಃ ಪಂತುಲು ಅವರೇ ವಹಿಸಿ ರಾಜ್ಯ ಸರ್ಕಾರದ ಶ್ರೇಷ್ಠ ನಟ ಪ್ರಶಸ್ತಿಗೆ ಪಾತ್ರರಾದುದು ಅರ್ಥಪೂರ್ಣವಾಗಿದೆ.

ಆದುದರಿಂದ ಪಂತುಲು ಅವರ ಶ್ರೇಷ್ಠತೆಯನ್ನು ಅರಮನೆಯ ಕಂಬಗಳಲ್ಲಿಯೂ ಕುದುರೆಗಳ ಸಾಲಿನಲ್ಲಿಯೂ ಹುಡುಕುವುದು ಸರಿಯಲ್ಲ. ಕಲ್ಯಾಣ ಚದುರಿತು, ವಚನ ಉಳಿಯಿತು ಎಂಬುದನ್ನು ಬಲ್ಲ ನಾವು ಚರಿತ್ರೆಯ ಗೆಲುವು-ಸೋಲುಗಳನ್ನು ಬೇರೆಯೇ ತಕ್ಕಡಿಯಲ್ಲಿ ತೂಗಲು ಕಲಿತವರು. ಆ ತಕ್ಕಡಿಯಲ್ಲಿ ‘ಕಪ್ಪಲೋಟ್ಟಿಯ ತಮಿಳನ್’ ಮತ್ತು ‘ಕಿತ್ತೂರು ಚೆನ್ನಮ್ಮ’ ಚಿತ್ರಗಳು ‘ಕಟ್ಟಬೊಮ್ಮನ್’ಗಿಂತಲೂ ‘ಕೃಷ್ಣದೇವರಾಯ’ಕ್ಕಿಂತಲೂ ಹೆಚ್ಚು ತೂಗುತ್ತವೆ. ಸಾಹಿತ್ಯದ ವಿದ್ಯಾರ್ಥಿಗಳು ಇವನ್ನು ನೋಡುವಾಗ ಕಣ್ಣಿಗಿಂತ ಕಿವಿಯನ್ನು ಹೆಚ್ಚು ತೆರೆದಿಡಲಿ.