ಮೂರು ಜೋಡಿ, 60 ನಿಮಿಷ
ಐಸ್ ಹಾಕಿಯ ರಕ್ಷಣಾ ಜೋಡಿಗಳನ್ನು ಸವಿಯಲು ರಸಿಕರಿಗೊಂದು ಕೈಪಿಡಿ

ಎದುರಾಳಿ ಅಂಕಣದ ನಡುವಿನಿಂದ ಬಿಲ್ಲೆಯನ್ನು ಮೂಲೆಗೆ ಬಾರಿಸುತ್ತಾನೆ. ಅದನ್ನು ಹೆಕ್ಕಲು ಡಿಫೆನ್ಸ್ ಆಟಗಾರನೊಬ್ಬ ತಿರುಗಿ ಧಾವಿಸುತ್ತಾನೆ. ಅವನ ಮುಖ ಗೋಡೆಯ ಕಡೆಗಿದೆ, ಬೆನ್ನು ಎದುರಾಳಿಯ ಕಡೆಗಿದೆ. ಬೆನ್ನಟ್ಟಿದವನು ಬಂದು ಅಪ್ಪಳಿಸಲು ಇನ್ನೆರಡು ಸೆಕೆಂಡು ಸಾಕು. ಎಡ ಭುಜದಾಚೆ ಒಮ್ಮೆ, ಬಲ ಭುಜದಾಚೆ ಒಮ್ಮೆ ಕಣ್ಣು ಹಾಯಿಸುವಷ್ಟೇ ಬಿಡುವು. ಆ ಹೊತ್ತಿಗೆ ಜೊತೆಗಾರನ ಕೂಗು ಕೇಳಿಸುತ್ತದೆ. ‘ವೀಲ್’ ಎಂದರೆ ಗೋಲಿನ ಹಿಂದಿನಿಂದ ಸುತ್ತಿ ಓಡು ಎಂದು. ‘ರಿವರ್ಸ್’ ಎಂದರೆ ಅವನು ನಿನ್ನ ಬೆನ್ನಿಗೇ ಇದ್ದಾನೆ, ಬಿಲ್ಲೆಯನ್ನು ಬಂದ ದಾರಿಗೇ ಬಿಡು ಎಂದು. ‘ಓವರ್’ ಎಂದರೆ ಆಚೆ ಮಗ್ಗುಲಲ್ಲಿರುವ ನನಗೆ ದಾಟಿಸು ಎಂದು. ಕೂಗಿದವನ ಮೇಲೆ ನಂಬಿಕೆಯಿದ್ದರೆ ಬಿಲ್ಲೆ ಮೂರು ಸೆಕೆಂಡಿನಲ್ಲಿ ಅಪಾಯದಿಂದ ಪಾರು. ಇಲ್ಲದಿದ್ದರೆ ಬಿಲ್ಲೆ ಗೋಲಿನ ಮುಂದೆ, ಎದುರಾಳಿಯ ಸ್ಟಿಕ್ಕಿನಲ್ಲಿ.

ಐಸ್ ಹಾಕಿ ನೋಡಲು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠವಿಲ್ಲ.

ಹಾಕಿ ಎಂದೊಡನೆ ಕನ್ನಡಿಗರ ಮನಸ್ಸು ಕೊಡಗಿನ ಮೈದಾನಗಳಿಗೆ ಹೋಗುತ್ತದೆ. ಕೆನಡಾದಲ್ಲಿ ಬರಿ ‘ಹಾಕಿ’ ಎಂದರೆ ಮಂಜುಗಡ್ಡೆಯ ಮೇಲಿನ ಆಟವೇ. ಟೊರಾಂಟೊ, ಷಿಕಾಗೊಗಳಲ್ಲಿ ನೆಲೆಸಿದ ಕನ್ನಡಿಗರು ಮೊದಲ ಸಲ ಕ್ರೀಡಾಂಗಣಕ್ಕೆ ಹೋದಾಗ ಕಣ್ಣು ಸೋತು ಬರುವುದೇ ಹೆಚ್ಚು. ಅಂಕಣ 200 ಅಡಿ ಉದ್ದ, 85 ಅಡಿ ಅಗಲ. ‘ಪಕ್’ ಎಂಬ ರಬ್ಬರ್ ಬಿಲ್ಲೆಯ ಅಗಲ ಮೂರೇ ಇಂಚು. ಅದರ ಹಿಂದೆಯೇ ಕಣ್ಣು ಓಡಿಸಿದರೆ ಆಟ ಬರೀ ಗಡಿಬಿಡಿಯಾಗಿ ಕಾಣುತ್ತದೆ. ಹಿಂದೆ ನಿಂತ ಇಬ್ಬರನ್ನು ನೋಡಲು ಶುರುಮಾಡಿದರೆ ಗಡಿಬಿಡಿಯೊಳಗಿನ ಕ್ರಮ ತಾನಾಗಿ ತೆರೆದುಕೊಳ್ಳುತ್ತದೆ.

ಒಂದು ತಂಡದಿಂದ ಏಕಕಾಲಕ್ಕೆ ಅಂಕಣದಲ್ಲಿರುವವರು ಆರು ಜನ: ಗೋಲ್‌ಕೀಪರ್, ಮೂವರು ಫಾರ್ವರ್ಡ್‌ಗಳು, ಇಬ್ಬರು ಡಿಫೆನ್ಸ್. ಉತ್ತರ ಅಮೆರಿಕದ ಎನ್‌ಎಚ್‌ಎಲ್‌ನಲ್ಲಿ ಪ್ರತಿ ಪಂದ್ಯಕ್ಕೆ 18 ಆಟಗಾರರು ಮತ್ತು ಇಬ್ಬರು ಗೋಲ್‌ಕೀಪರ್‌ಗಳು ಸಜ್ಜಾಗುತ್ತಾರೆ. ಆ 18ರಲ್ಲಿ ಸಾಮಾನ್ಯವಾಗಿ ಆರು ಮಂದಿ ಡಿಫೆನ್ಸ್, ಎಂದರೆ ಮೂರು ಜೋಡಿ. ಮುಕ್ಕಾಲು ನಿಮಿಷದ ಆಸುಪಾಸಿನ ಒಂದು ಪಾಳಿ ಮುಗಿಸಿ ಒಂದು ಜೋಡಿ ಬೆಂಚಿಗೆ ಬರುತ್ತದೆ, ಇನ್ನೊಂದು ಕಟ್ಟೆ ಹಾರಿ ಒಳಗಿಳಿಯುತ್ತದೆ. ಆಟ 60 ನಿಮಿಷದ್ದು. ಮೊದಲ ಜೋಡಿಗೆ 25, ಎರಡನೆಯದಕ್ಕೆ 20, ಮೂರನೆಯದಕ್ಕೆ 15 ಎಂದು ಹಂಚಿದರೆ ಲೆಕ್ಕ ಸರಿಹೋಗುತ್ತದೆ. ಬೇಸಿಗೆಯಲ್ಲಿ ಕೋಚ್‌ಗಳೂ ಅಭಿಮಾನಿಗಳೂ ಮುಂದಿನ ಸೀಸನ್ನಿನ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಈ 60 ನಿಮಿಷವನ್ನು ಯಾರ್‍ಯಾರ ಕೈಗೆ ಒಪ್ಪಿಸುವುದು ಎಂದೇ.

ಜೋಡಿ ಕಟ್ಟುವಾಗ ಮೊದಲು ನೋಡುವುದು ಕೈ. ನೊಗದ ಎಡಕ್ಕೆ ಪಳಗಿದ ಎತ್ತನ್ನು ಬಲಕ್ಕೆ ಕಟ್ಟಿದರೆ ಅದು ತಡವರಿಸುತ್ತದೆ ಎಂಬುದು ಉಳುವವರಿಗೆ ಗೊತ್ತು. ಇಲ್ಲಿಯೂ ಹಾಗೆಯೇ. ಸ್ಟಿಕ್ಕನ್ನು ದೇಹದ ಎಡಕ್ಕೆ ಹಿಡಿಯುವ ‘ಎಡಗೈಯವನು’ ಅಂಕಣದ ಎಡಭಾಗದಲ್ಲಿ ನಿಂತರೆ ಸ್ಟಿಕ್ಕು ಗೋಡೆಯ ಕಡೆಗೆ ಇರುತ್ತದೆ. ಗೋಡೆಯಗುಂಟ ಬಂದ ಬಿಲ್ಲೆಯನ್ನು ಅವನು ಸ್ಟಿಕ್ಕಿನ ಮುಮ್ಮುಖದಲ್ಲೇ ಹಿಡಿದು ಕೂಡಲೇ ಮುಂದಕ್ಕೆ ಕಳಿಸಬಲ್ಲ. ಅವನನ್ನೇ ಬಲಕ್ಕೆ ನಿಲ್ಲಿಸಿದರೆ ಹಿಮ್ಮುಖದಲ್ಲಿ ಹಿಡಿಯಬೇಕು, ತಿರುಗಬೇಕು, ಆಮೇಲೆ ಕಳಿಸಬೇಕು. ಆ ಅರ್ಧ ಸೆಕೆಂಡಿನಲ್ಲಿ ಎದುರಾಳಿ ಮೈಮೇಲೆ ಬಿದ್ದಿರುತ್ತಾನೆ. ಎಡಗೈಯವನೊಬ್ಬ, ಬಲಗೈಯವನೊಬ್ಬ ಎಂಬ ಜೋಡಿಗೆ ಕೋಚ್‌ಗಳು ಹಂಬಲಿಸುವುದು ಇದಕ್ಕೇ. ಲೀಗಿನಲ್ಲಿ ಬಲಗೈ ಡಿಫೆನ್ಸ್ ಆಟಗಾರರು ಕಡಿಮೆ, ಹಾಗಾಗಿ ಅವರಿಗೆ ಬೇಡಿಕೆ ಜಾಸ್ತಿ. ಈ ನಿಯಮ ಮೀರಿಯೂ ಗೆದ್ದವರುಂಟು. ಬೋಸ್ಟನ್ನಿನ ಬಾಬಿ ಆರ್ ಎಡಗೈಯವನಾಗಿದ್ದೂ ಬಲಭಾಗದಲ್ಲಿ ಆಡುತ್ತಿದ್ದ. 1969–70ರಲ್ಲಿ ಗೋಲು, ಗೋಲಿಗೆ ಕೊಟ್ಟ ನೆರವು ಎಲ್ಲ ಸೇರಿ 120 ಅಂಕ ಗಳಿಸಿ, ಇಡೀ ಲೀಗಿನ ಅಂಕಪಟ್ಟಿಯಲ್ಲಿ ಅಗ್ರಸ್ಥಾನಕ್ಕೇರಿದ ಮೊದಲ ಡಿಫೆನ್ಸ್ ಆಟಗಾರನಾದ.

ಎರಡನೆಯದು ಸ್ವಭಾವ. ಇಬ್ಬರೂ ಮುನ್ನುಗ್ಗುವವರಾದರೆ ಹಿಂದೆ ಯಾರೂ ಉಳಿಯುವುದಿಲ್ಲ. ಇಬ್ಬರೂ ಕಾಯುವವರಾದರೆ ಬಿಲ್ಲೆ ತಮ್ಮ ವಲಯ ಬಿಟ್ಟು ಕದಲುವುದಿಲ್ಲ. ಇದಕ್ಕೆ ಒಳ್ಳೆಯ ಉದಾಹರಣೆ ಕೊಲರಾಡೊ ಅವಲಾಂಚ್ ತಂಡದ ಕೇಲ್ ಮಕಾರ್ ಮತ್ತು ಡೆವೊನ್ ಟೇವ್ಸ್. 2020ರ ಅಕ್ಟೋಬರಿನಲ್ಲಿ ಕೊಲರಾಡೊ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟಿನ ಎರಡನೇ ಸುತ್ತಿನ ಎರಡು ಆಯ್ಕೆಗಳನ್ನು ನ್ಯೂಯಾರ್ಕ್ ಐಲ್ಯಾಂಡರ್ಸ್‌ಗೆ ಕೊಟ್ಟು ಟೇವ್ಸ್‌ನನ್ನು ತಂದಿತು. ಅವನು ಎಡಗೈ, ಮಕಾರ್ ಬಲಗೈ. ಮಕಾರ್ ಎದುರಾಳಿಯ ವಲಯದ ಅಂಚಿನ ನೀಲಿ ಗೆರೆಯ ಮೇಲೆ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ, ಎದುರಿಗಿದ್ದವನನ್ನು ಒಂದು ಕಡೆ ಎಳೆದು ಇನ್ನೊಂದು ಕಡೆಯಿಂದ ನುಸುಳುತ್ತಾನೆ. ಎಲ್ಲರ ಕಣ್ಣೂ ಅವನ ಮೇಲಿರುತ್ತದೆ. ರಸಿಕರು ಆ ಕ್ಷಣ ಟೇವ್ಸ್‌ನನ್ನು ನೋಡಬೇಕು. ಅವನು ಸದ್ದಿಲ್ಲದೆ ನಾಲ್ಕು ಹೆಜ್ಜೆ ಹಿಂದೆ ಸರಿದು ಅಂಕಣದ ಮಧ್ಯಕ್ಕೆ ಬಂದಿರುತ್ತಾನೆ. ಬಿಲ್ಲೆ ಕೈತಪ್ಪಿದರೆ ಮೊದಲು ಎದುರಾಗುವವನು ಅವನೇ. ಆ ಭರವಸೆ ಬೆನ್ನಿಗಿದ್ದುದರಿಂದಲೇ ಮಕಾರ್‌ನ ಆಟಕ್ಕೆ ಅಷ್ಟು ಸ್ವಾತಂತ್ರ್ಯ. 2021–22ರಲ್ಲಿ ಅವನು 28 ಗೋಲು ಹೊಡೆದ, ಶ್ರೇಷ್ಠ ಡಿಫೆನ್ಸ್ ಆಟಗಾರನಿಗೆ ಸಲ್ಲುವ ನಾರಿಸ್ ಪ್ರಶಸ್ತಿ ಪಡೆದ. ತಂಡ ಲೀಗಿನ ಚಾಂಪಿಯನ್ನರಿಗೆ ಸಲ್ಲುವ ಸ್ಟಾನ್ಲಿ ಕಪ್ ಗೆದ್ದಿತು.

ಅತ್ಯುತ್ತಮರಿಬ್ಬರನ್ನು ಒಟ್ಟಿಗೆ ಕಟ್ಟಬೇಕೇ, ಬೇರೆ ಬೇರೆ ಮಾಡಬೇಕೇ? ಪ್ರತಿ ಬೇಸಿಗೆಯ ವಾದ ಇದು. 2007ರಲ್ಲಿ ಕಪ್ ಗೆದ್ದ ಆನಾಹೈಮ್ ಡಕ್ಸ್ ಬಳಿ ಸ್ಕಾಟ್ ನೀಡರ್‌ಮೇಯರ್ ಮತ್ತು ಕ್ರಿಸ್ ಪ್ರಾಂಗರ್ ಇದ್ದರು. ಕೋಚ್ ಹೆಚ್ಚಾಗಿ ಅವರನ್ನು ಬೇರ್ಪಡಿಸಿಯೇ ಆಡಿಸಿದರು. ನೀಡರ್‌ಮೇಯರ್ ಜೊತೆ ಫ್ರಾನ್ಸ್ವಾ ಬೋಶ್‌ಮ್ಯಾನ್, ಪ್ರಾಂಗರ್ ಜೊತೆ ಶಾನ್ ಓಡೊನೆಲ್. ಒಬ್ಬ ದಿಗ್ಗಜ ಬೆಂಚಿಗೆ ಬಂದರೆ ಇನ್ನೊಬ್ಬ ಇಳಿಯುತ್ತಿದ್ದ. ಎದುರಾಳಿಗಳಿಗೆ ಉಸಿರಾಡಲು ಬಿಡುವೇ ಇರಲಿಲ್ಲ. ಷಿಕಾಗೊ ಬ್ಲ್ಯಾಕ್‌ಹಾಕ್ಸ್ ಇದಕ್ಕೆ ವಿರುದ್ಧವಾದ ದಾರಿಯನ್ನೂ ಹಿಡಿದಿತ್ತು. ಡಂಕನ್ ಕೀತ್, ಬ್ರೆಂಟ್ ಸೀಬ್ರೂಕ್ ಇಬ್ಬರನ್ನೂ ಜೋಡಿಯಾಗಿ ವರ್ಷಗಟ್ಟಲೆ ಬೆಳೆಸಿತು. ಅವರಿಬ್ಬರೂ ಇದ್ದ ತಂಡ 2010, 2013, 2015ರಲ್ಲಿ ಕಪ್ ಗೆದ್ದಿತು.

ಹೊಸಬರು ಕಡೆಗಣಿಸುವುದು ಮೂರನೇ ಜೋಡಿಯನ್ನು. ಅದರ ಬೆಲೆ ತಿಳಿಯುವುದು ಅದು ಮುರಿದಾಗ. 2015ರ ಪ್ಲೇಆಫ್‌ನ ಎರಡನೇ ಸುತ್ತಿನಲ್ಲಿ ಷಿಕಾಗೊದ ಮಿಖಾಲ್ ರೋಜಿವಾಲ್ ಕಣಕಾಲು ಮುರಿದುಕೊಂಡ. ಅಲ್ಲಿಂದ ಮುಂದೆ ಹೊರೆಯೆಲ್ಲ ನಾಲ್ವರ ಹೆಗಲಿಗೆ ಬಿತ್ತು: ಕೀತ್, ಸೀಬ್ರೂಕ್, ನಿಕ್ಲಾಸ್ ಯಾಲ್ಮಾರ್ಸನ್, ಜಾನಿ ಒಡೂಯಾ. ಆ ಪ್ಲೇಆಫ್‌ನಲ್ಲಿ ಕೀತ್ ಪಂದ್ಯಕ್ಕೆ ಸರಾಸರಿ 31 ನಿಮಿಷ ಮೀರಿ ಆಡಿದ. ಹಾಗೆ ದುಡಿದವನೇ ಫೈನಲ್‌ನ ಆರನೇ ಪಂದ್ಯದಲ್ಲಿ ಮೊದಲು ಹೊಡೆದ ಬಿಲ್ಲೆ ಗೋಲ್‌ಕೀಪರ್‌ಗೆ ತಾಗಿ ವಾಪಸು ಬಂದಾಗ ಅದನ್ನೇ ಮತ್ತೆ ಹೊಡೆದು ಗೆಲುವಿನ ಗೋಲು ತಂದ. ಎಲ್ಲ ತಂಡಕ್ಕೂ ಒಬ್ಬ ಕೀತ್ ಇರುವುದಿಲ್ಲ. ಅದಕ್ಕೇ ಪಟ್ಟಿ ಬರೆಯುವಾಗ ಆರು ಹೆಸರಿಗೆ ನಿಲ್ಲದೆ ಏಳನೆಯವನನ್ನೂ ಎಂಟನೆಯವನನ್ನೂ ಬರೆಯಬೇಕು. 2022ರಲ್ಲಿ ಕೊಲರಾಡೊದ ಸ್ಯಾಮ್ಯುಯೆಲ್ ಜಿರಾರ್ ಗಾಯಗೊಂಡಾಗ ಅನುಭವಿ ಜ್ಯಾಕ್ ಜಾನ್ಸನ್ ಬೆಂಚಿನಾಚೆಯಿಂದ ಬಂದು ಆ ಜಾಗ ತುಂಬಿದ್ದ.

ಇನ್ನು ಮುಂದಿನ ಸೀಸನ್ನಿನ ಪಟ್ಟಿ. ತಮ್ಮ ಮೆಚ್ಚಿನ ತಂಡ ಯಾವುದೇ ಇರಲಿ, ಹೊಸ ರಸಿಕರು ಒಂದು ಹಾಳೆಯಲ್ಲಿ ಎಡಗೈಯವರನ್ನು ಎಡಕ್ಕೆ, ಬಲಗೈಯವರನ್ನು ಬಲಕ್ಕೆ ಬರೆದುಕೊಳ್ಳಬಹುದು. ಹೆಸರಿನ ಮುಂದೆ ವಯಸ್ಸು, ಕರಾರು ಮುಗಿಯುವ ವರ್ಷ. ಜುಲೈ 1ಕ್ಕೆ ಕರಾರು ಮುಗಿದವರ ಮಾರುಕಟ್ಟೆ ತೆರೆಯುತ್ತದೆ. ಸಂಬಳದ ಒಟ್ಟು ಮೊತ್ತಕ್ಕೆ ಲೀಗಿನ ಮಿತಿಯೂ ಇದೆ. 2025–26ಕ್ಕೆ ಅದು 9.55 ಕೋಟಿ ಡಾಲರ್. ಬಯಸಿದವರನ್ನೆಲ್ಲ ಕೊಳ್ಳಲಾಗದು ಎಂದಮೇಲೆ ಕಣ್ಣಿಗೆ ಬೀಳದವರನ್ನು ಗುರುತಿಸುವುದೇ ಜಾಣತನ. ಕ್ಯಾರೊಲೈನಾ ತಂಡ ಕೈಬಿಡುವವರ ಪಟ್ಟಿಗೆ ಹಾಕಿದ್ದ ಗುಸ್ತಾವ್ ಫೋರ್ಸ್ಲಿಂಗ್‌ನನ್ನು ಫ್ಲಾರಿಡಾ ಪ್ಯಾಂಥರ್ಸ್ 2021ರ ಜನವರಿಯಲ್ಲಿ ಕರೆದುಕೊಂಡಿತು. ಬಲಗೈಯ ಆರನ್ ಎಕ್‌ಬ್ಲಾಡ್ ಜೊತೆ ಅವನು ಮೊದಲ ಜೋಡಿಯಾದ. 2023–24ರಲ್ಲಿ ಸರಿಸಮ ಬಲದ ಆಟದಲ್ಲಿ ಅವನು ಅಂಕಣದಲ್ಲಿದ್ದಾಗ ತಂಡ ಹೊಡೆದ ಗೋಲು, ಬಿಟ್ಟ ಗೋಲುಗಳಿಗಿಂತ 56 ಹೆಚ್ಚು. ಲೀಗಿಗೇ ಅದು ಅತಿ ಹೆಚ್ಚಿನದು. ಆ ವರ್ಷವೇ ಫ್ಲಾರಿಡಾ ಮೊದಲ ಸಲ ಕಪ್ ಎತ್ತಿತು.

ಹಾಳೆಯ ಕೊನೆಯಲ್ಲಿ ಇನ್ನೆರಡು ಸಾಲು ಬೇಕು. ಒಬ್ಬ ಆಟಗಾರ ಎರಡು ನಿಮಿಷದ ಶಿಕ್ಷೆಗೆ ಹೊರಹೋದಾಗ ಕಾಯುವ ಜೋಡಿ ಯಾವುದು? ಎದುರಾಳಿಗೆ ಒಬ್ಬ ಕಡಿಮೆಯಾದಾಗ ನೀಲಿ ಗೆರೆಯ ಮೇಲೆ ನಿಂತು ದಾಳಿ ನಡೆಸುವವನು ಯಾರು?

ಸೀಸನ್ನಿನ ಪಂದ್ಯಗಳು ಶುರುವಾದಾಗ ಈ ಹಾಳೆ ಕೈಯಲ್ಲಿರಲಿ. ಆಟಗಾರರನ್ನು ಕೊನೆಗೆ ಬದಲಿಸುವ ಹಕ್ಕು ತವರು ತಂಡದ ಕೋಚ್‌ಗೆ. ಎದುರಾಳಿಯ ಅತ್ಯುತ್ತಮ ಫಾರ್ವರ್ಡ್‌ಗಳು ಇಳಿದೊಡನೆ ಅವರು ಯಾವ ಜೋಡಿಯನ್ನು ಕಳಿಸುತ್ತಾರೆ ಎಂದು ಗುರುತು ಹಾಕಿಕೊಳ್ಳಬೇಕು. ಎರಡನೇ ಅವಧಿಯಲ್ಲಿ ತಂಡಗಳು ಬದಿ ಬದಲಿಸಿರುತ್ತವೆ, ಕಾಯುವ ಗೋಲಿನಿಂದ ಬೆಂಚು ದೂರವಾಗಿರುತ್ತದೆ. ದಣಿದ ಜೋಡಿ ಬದಲಾಗಲು ಹಾದಿ ಸಿಗದೆ ತಮ್ಮ ವಲಯದಲ್ಲೇ ಸಿಕ್ಕಿಬೀಳುವುದು ಆಗಲೇ. ಪಾಳಿ ಒಂದೂವರೆ ನಿಮಿಷ ದಾಟಿದೆ, ಮೊಣಕಾಲು ಬಾಗುತ್ತಿಲ್ಲ, ಬಿಲ್ಲೆ ಮತ್ತೆ ಮೂಲೆಗೆ ಬಂದಿದೆ. ಒಬ್ಬ ಅದರತ್ತ ತಿರುಗಿ ಹೊರಟಿದ್ದಾನೆ. ಆಗ ಬಿಲ್ಲೆಯನ್ನು ಬಿಟ್ಟು ಇನ್ನೊಬ್ಬನ ಬಾಯಿ ನೋಡಬೇಕು.