ರಕ್ಕಸ ಸಾಯುವ ಕಟ್ಟಳೆ

ಬಿ.ಸಿ.ರೋಡಿನ ಆಸುಪಾಸಿನಲ್ಲಿ ನವೆಂಬರಿನಿಂದ ಮೇ ತನಕ ಆಟಕ್ಕೆ ಬರವಿಲ್ಲ. ಹರಕೆಯ ಆಟ ಅಂದರೆ ಹೆಚ್ಚಾಗಿ ‘ದೇವೀಮಹಾತ್ಮೆ’. ದೊಂದಿಯ ಬೆಳಕಿನಲ್ಲಿ ಜನರ ನಡುವಿನಿಂದ ಮಹಿಷಾಸುರ ಬರುವಾಗ ಮಲಗಿದ್ದ ಮಕ್ಕಳೂ ಎದ್ದು ಕೂರುತ್ತವೆ. ಜನ ಕಾಯುವುದು ಅವನನ್ನೇ. ಅವನು ಸಾಯುತ್ತಾನೆಂಬುದೂ ಎಲ್ಲರಿಗೆ ಗೊತ್ತು. ನನ್ನ ಪ್ರಶ್ನೆ ಇಷ್ಟೆ: ರಕ್ಕಸ ಹೇಗೆ ಸಾಯಬೇಕೆಂಬ ಕಟ್ಟಳೆ ಮಾಡಿದವರು ಯಾರು?

ಪುರಾಣ ಈ ಕಟ್ಟಳೆಯನ್ನು ವರ ಎನ್ನುತ್ತದೆ. ಹಿರಣ್ಯಕಶಿಪುವಿಗೆ ಹಗಲಲ್ಲೂ ಇರುಳಲ್ಲೂ, ಒಳಗೂ ಹೊರಗೂ ಸಾವಿಲ್ಲ. ಸರಿ, ಮುಸ್ಸಂಜೆಗೆ ಹೊಸ್ತಿಲ ಮೇಲೆ ಕೊಂದರಾಯಿತು! ರಕ್ತಬೀಜನ ಒಂದೊಂದು ಹನಿಗೂ ಒಬ್ಬೊಬ್ಬ ಹುಟ್ಟುತ್ತಾನೆ. ಸರಿ, ಹನಿ ನೆಲಕ್ಕೆ ಬೀಳದಂತೆ ಕಾಳಿ ಕುಡಿದರಾಯಿತು. ವರದ ಅಕ್ಷರ ಉಳಿಯಿತು, ವರ ಪಡೆದವ ಉಳಿಯಲಿಲ್ಲ. ಕೊಡುವವರೂ ಅವರೇ, ಸಂದು ಹುಡುಕುವವರೂ ಅವರೇ. ಸರಕಾರಿ ಕಚೇರಿಗೆ ಅರ್ಜಿ ಹಿಡಿದು ಅಲೆದ ನಮ್ಮವರಿಗೆ ಈ ಜಾಣತನವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಕ್ಷಗಾನದಲ್ಲಿ ಮಾತಿಗೆ ಸ್ವಾತಂತ್ರ್ಯ ಉಂಟಲ್ಲ ಎಂದು ಕೆಲವರು ಹೇಳಬಹುದು. ಉಂಟು. ಭಾಗವತರ ಪದ ಮುಗಿದ ಮೇಲೆ ಅರ್ಥ ಹೇಳುವುದು ವೇಷಧಾರಿಯ ಬುದ್ಧಿಗೆ ಬಿಟ್ಟದ್ದು. ರಕ್ತಬೀಜ ದೇವಿಯನ್ನೇ ಪ್ರಶ್ನಿಸಬಹುದು, ವಾದದಲ್ಲಿ ಗೆಲ್ಲಲೂಬಹುದು. ಜನ ಚಪ್ಪಾಳೆ ತಟ್ಟುತ್ತಾರೆ. ಆದರೆ ಮುಂದಿನ ಪದ ಅವನ ವಧೆಯದ್ದೇ. ಮಾತಾಡಲು ಬಿಟ್ಟು ತೀರ್ಪನ್ನು ಮೊದಲೇ ಬರೆದಿಡುವ ಈ ಔದಾರ್ಯ ಸಭೆ-ಸೆಮಿನಾರುಗಳಲ್ಲೂ ನಮಗೆ ಸಿಗುತ್ತದೆ.

ಕಟ್ಟಳೆಗೇ ಕೈಹಾಕಿದವರು ಕುವೆಂಪು. ‘ಶೂದ್ರ ತಪಸ್ವಿ’ಯಲ್ಲಿ (1944) ಶಂಬೂಕ ಸಾಯುವುದಿಲ್ಲ, ರಾಮನ ಬಾಣ ದೂರು ತಂದ ಬ್ರಾಹ್ಮಣನತ್ತ ತಿರುಗುತ್ತದೆ. ಶಂಬೂಕನಿಗೆ ಒಳ್ಳೆಯ ಮಾತು ಕೊಟ್ಟು ಅವರು ಸುಮ್ಮನಾಗಲಿಲ್ಲ, ಬಾಣದ ದಿಕ್ಕನ್ನೇ ಬದಲಿಸಿದರು.

ತುಳುನಾಡಿನ ಪಾಡ್ದನಗಳಲ್ಲಿ ಬೇರೆಯೇ ಒಂದು ಕಟ್ಟಳೆ ಇದೆ. ಕಾರ್ಕಳದ ಗೊಮ್ಮಟನನ್ನು ಕಡೆದ ಕಲ್ಕುಡನ ಕೈಕಾಲನ್ನು ಅರಸ ಕಡಿಸುತ್ತಾನೆ. ಕತೆ ಅಲ್ಲಿಗೆ ಮುಗಿಯುವುದಿಲ್ಲ. ಕಲ್ಕುಡ ಮತ್ತು ಅವನ ತಂಗಿ ಕಲ್ಲುರ್ಟಿ ಮಾಯವಾಗಿ, ದೈವಗಳಾಗಿ ಬಂದು ಲೆಕ್ಕ ಕೇಳುತ್ತಾರೆ. ಬಿ.ಸಿ.ರೋಡಿಗೆ ಹತ್ತಿರದ ಪಣೋಲಿಬೈಲಿನಲ್ಲಿ ಇವತ್ತಿಗೂ ಜನ ಕಲ್ಲುರ್ಟಿಗೆ ಕೈಮುಗಿಯುತ್ತಾರೆ. ಕೊಲ್ಲಿಸಿದವನ ಮಾತು ಇಲ್ಲಿ ಕೊನೆಯ ಮಾತಲ್ಲ.

ಹಾಗೆಂದು ಇದನ್ನೂ ಕೊಂಡಾಡಿ ಕೂರುವಂತಿಲ್ಲ. ಮಾಯವಾದ ಕೊರಗ ತನಿಯ ಊರಿಗೆಲ್ಲ ಅಜ್ಜ. ಬದುಕಿದ್ದ ಕೊರಗರಿಗೆ ಅದೇ ಊರು ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸಿ ತನ್ನ ರೋಗವನ್ನು ಅವರ ಮೈಗೆ ದಾಟಿಸಲು ನೋಡಿತು. ಈ ಅಜಲು ಪದ್ಧತಿಯನ್ನು ನಿಲ್ಲಿಸಲು 2000ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. ಸತ್ತರೆ ದೈವ, ಬದುಕಿದರೆ ಹೊಲೆ: ಇದೂ ಮೇಲಿನವರದ್ದೇ ಕಟ್ಟಳೆ.

ಮೈಸೂರಿನಲ್ಲಿ ಮಹಿಷ ದಸರಾ ಮಾಡುವ ಗೆಳೆಯರು ಮಹಿಷ ನಮ್ಮ ಅರಸ ಎಂದರು. ಅದು ಬೇಕಾದ ಮಾತು, ಆದರೆ ಅರ್ಧ ಮಾತು. ರಕ್ಕಸನಿಗೆ ಹಾರ ಹಾಕಿದ ಮೇಲೂ ಅವನ ಸಾವಿನ ಪದ ಪ್ರಸಂಗದ ಪುಸ್ತಕದಲ್ಲಿ ಹಾಗೇ ಇರುತ್ತದೆ. ದಲಿತ ವಿಮರ್ಶೆ ಓದಬೇಕಾದ್ದು ಆ ಪುಟವನ್ನು. ನಮಗೆ ಬೇಕಾದ್ದು ಸತ್ತ ಮೇಲಿನ ಗುಡಿಯಲ್ಲ, ಬದುಕಿರುವಾಗಿನ ಅಂಗಳ.